ಸ್ವಂತ ದೋಣಿಗೆ ವಿಮೆ: ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬಗೆ

ಒಂದೇ ದೋಣಿ. ಮೂರು ಕಂಪನಿಗಳ ಹತ್ತಿರ ಕೇಳಿದರೆ ಮೂರು ದರ. ಒಂದರ ದರ ಇನ್ನೊಂದರ ಅರ್ಧ ಇದ್ದರೂ ಆಶ್ಚರ್ಯವಿಲ್ಲ. ಆಗ ಕೈ ಅಗ್ಗದ್ದರ ಕಡೆಗೇ ಹೋಗುತ್ತದೆ, ಅಲ್ವಾ?

ಸ್ವಲ್ಪ ತಡೆಯಿರಿ. ಕಾರಿನ ಪಾಲಿಸಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತವೆ. ದೋಣಿಯ ಪಾಲಿಸಿಗಳು ಹಾಗೆ ಬರುವುದಿಲ್ಲ. ಒಬ್ಬರು ಕೊಡುವುದನ್ನು ಇನ್ನೊಬ್ಬರು ಕೊಡುವುದಿಲ್ಲ, ಕೊಟ್ಟರೂ ಅದಕ್ಕೊಂದು ಮಿತಿ ಹಾಕಿರುತ್ತಾರೆ. ದರ ಇಳಿದಿದೆ ಎಂದರೆ ಎಲ್ಲೋ ಏನೋ ಕತ್ತರಿಸಿದ್ದಾರೆ ಎಂದೇ ಹಿಡಿಯಬೇಕು. ಕತ್ತರಿಸಿದ ಭಾಗ ನಿಮಗೆ ಬೇಡದ್ದೇ ಆಗಿದ್ದರೆ ಒಳ್ಳೆಯ ವ್ಯಾಪಾರ. ಬೇಕಾದ್ದೇ ಆಗಿದ್ದರೆ, ಉಳಿಸಿದ ದುಡ್ಡು ಒಂದೇ ಕ್ಲೇಮಿನಲ್ಲಿ ಹೋಗುತ್ತದೆ.

ದರದ ಅಂದಾಜು ಬೇಕು ಎನ್ನುವವರಿಗೆ ಈ ವಲಯದಲ್ಲಿ ಓಡಾಡುವ ಲೆಕ್ಕ ಇದು: ವರ್ಷದ ಪ್ರೀಮಿಯಂ ದೋಣಿಯ ಬೆಲೆಯ ಶೇ. 1ರಿಂದ 5ರವರೆಗೆ. ಕೆರೆ, ಹಿನ್ನೀರಿನಲ್ಲಿ ನಿಧಾನವಾಗಿ ಓಡುವ ದೋಣಿ ಕೆಳತುದಿಯಲ್ಲಿರುತ್ತದೆ. ಚಂಡಮಾರುತ ಬೀಸುವ ಕರಾವಳಿಯಲ್ಲಿ ಕಟ್ಟುವ ದೋಣಿ, ಭಾರೀ ವೇಗದ ದೋಣಿ ಮೇಲ್ತುದಿಗೆ ಹೋಗುತ್ತವೆ. ತೀರಾ ಚಿಕ್ಕ ದೋಣಿಗೆ ಈ ಲೆಕ್ಕ ಹೊಂದುವುದಿಲ್ಲ, ಯಾಕೆಂದರೆ ಎಷ್ಟೇ ಸಣ್ಣ ಪಾಲಿಸಿ ಆದರೂ ಕಂಪನಿಗಳು ಒಂದು ಕನಿಷ್ಠ ಪ್ರೀಮಿಯಂ ಇಟ್ಟುಕೊಂಡಿರುತ್ತವೆ.

ಮೊದಲು ಯಾವ ಬಗೆಯದು ಎಂದು ತೀರ್ಮಾನಿಸಿ

ಸುಮಾರಾಗಿ ನಾಲ್ಕು ದಾರಿ ಇವೆ.

ಮೊದಲನೆಯದು, ಮನೆಯ ವಿಮೆಯ ಜೊತೆಗೆ ದೋಣಿಯನ್ನೂ ಸೇರಿಸುವುದು. ಹುಟ್ಟು ಹಾಕುವ ದೋಣಿ, ಕಯಾಕ್, ಕಡಿಮೆ ಶಕ್ತಿಯ ಎಂಜಿನ್ ಇರುವ ಪುಟ್ಟ ದೋಣಿ, ಇಷ್ಟಕ್ಕೆ ಸಾಕು. ಹಲವು ಮನೆ ಪಾಲಿಸಿಗಳು ದೋಣಿಯ ಉದ್ದ, ಎಂಜಿನ್ನಿನ ಶಕ್ತಿ, ಬೆಲೆ ಮೂರಕ್ಕೂ ಮಿತಿ ಹಾಕಿರುತ್ತವೆ. ಕಳುವಾದರೂ ಮನೆಯ ಆವರಣದೊಳಗಿಂದ ಆಗಿದ್ದರೆ ಮಾತ್ರ ಎನ್ನುವ ಷರತ್ತೂ ಕೆಲವದರಲ್ಲಿ ಇರುತ್ತದೆ. ಮುಳುಗಿದ ದೋಣಿಯನ್ನು ಎತ್ತುವುದು, ನೀರಿಗೆ ಚೆಲ್ಲಿದ ಇಂಧನ ತೆಗೆಸುವುದು ಇಂಥ ಪಾಲಿಸಿಗಳ ತಲೆಗೇ ಹೊಳೆದಿರುವುದಿಲ್ಲ.

ಎರಡನೆಯದು ಥರ್ಡ್ ಪಾರ್ಟಿ ಮಾತ್ರ. ನಿಮ್ಮ ದೋಣಿಯಿಂದ ಬೇರೆಯವರಿಗೆ ಆದ ಗಾಯ, ಸಾವು, ನಷ್ಟಕ್ಕೆ ಹಣ ಸಿಗುತ್ತದೆ. ನಿಮ್ಮ ದೋಣಿಗೆ ಏನೂ ಇಲ್ಲ. ಇಟಲಿ, ಸ್ಪೇನ್‌ನಂಥ ದೇಶಗಳಲ್ಲಿ ಮೋಟಾರು ದೋಣಿಗೆ ಇದು ಕಾನೂನಿನಂತೆ ಕಡ್ಡಾಯ. ಕಡ್ಡಾಯ ಇಲ್ಲದ ಕಡೆಯೂ ದೋಣಿ ಕಟ್ಟಲು ಜಾಗ ಕೊಡುವ ಮರೀನಾದವರು ಇದರ ಪ್ರತಿ ಇಲ್ಲದೆ ಹಗ್ಗ ಕಟ್ಟಲು ಬಿಡದಿರಬಹುದು.

ಮೂರನೆಯದರಲ್ಲಿ ದೋಣಿಗೂ ರಕ್ಷಣೆ ಇದೆ, ಆದರೆ ನಷ್ಟ ಆದ ದಿನದ ಮಾರುಕಟ್ಟೆ ಬೆಲೆಗೆ. ಅಂದರೆ ಸವಕಳಿ ಕಳೆದು ಉಳಿದಷ್ಟೇ ಸಿಗುತ್ತದೆ.

ನಾಲ್ಕನೆಯದರಲ್ಲಿ ದೋಣಿಯ ಬೆಲೆ ಇಷ್ಟು ಎಂದು ಪಾಲಿಸಿ ಬರೆಯುವಾಗಲೇ ಇಬ್ಬರೂ ಒಪ್ಪಿಕೊಂಡಿರುತ್ತಾರೆ. ದೋಣಿ ಪೂರ್ತಿ ಹೋದರೆ ಆ ಮೊತ್ತವೇ ಬರುತ್ತದೆ, ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು ಮಾತ್ರ ಕಳೆದು. ಇದಕ್ಕೆ ಪ್ರೀಮಿಯಂ ಜಾಸ್ತಿ.

ದೋಣಿ ಹಳೆಯದು, ನಾಳೆ ಮುಳುಗಿದರೂ ಇನ್ನೊಂದನ್ನು ಕೈಯಿಂದಲೇ ಕೊಳ್ಳಬಲ್ಲೆ ಎನ್ನುವವರಿಗೆ ಎರಡನೆಯ ದಾರಿಯೇ ಜಾಣತನ. ಅದಕ್ಕೆ ಮುಳುಗಿದ ದೋಣಿ ತೆಗೆಸುವ ಖರ್ಚನ್ನು ಸೇರಿಸಿಕೊಂಡರೆ ಸಾಕು. ಸಾಲ ತೆಗೆದು ಕೊಂಡ ದೋಣಿಗೆ ಈ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಸಾಲ ಕೊಟ್ಟವರೇ ಪೂರ್ತಿ ವಿಮೆ ಕೇಳುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ, ಕಳೆದುಕೊಂಡರೆ ನಿಜವಾಗಿ ಹೊಡೆತ ಬೀಳುವ ದೋಣಿಗೆ ನನ್ನ ಮತ ನಾಲ್ಕನೆಯದಕ್ಕೆ. ಮೂರನೆಯದು ನಡುದಾರಿಯಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಹಲವು ಸಲ ಹಾಗಿರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ

ಇಲ್ಲಿರುವ ಅಂಕಿಗಳು ಬರೀ ಉದಾಹರಣೆಗೆ. ಯಾವ ದೇಶದ ದುಡ್ಡು ಎಂದು ತಲೆ ಕೆಡಿಸಿಕೊಳ್ಳಬೇಡಿ. ದೋಣಿಗೆ 10 ಲಕ್ಷ ಎಂದು ವಿಮೆ ಬರೆಸಿದ್ದೀರಿ.

ಮೊದಲ ಕೊಟೇಶನ್: ಪ್ರೀಮಿಯಂ 12,000. ಮಾರುಕಟ್ಟೆ ಬೆಲೆಯ ಪಾಲಿಸಿ. ಪ್ರತಿ ಕ್ಲೇಮಿನಲ್ಲಿ ನೀವು ಹೊರಬೇಕಾದ ಪಾಲು, ಅಂದರೆ ಡಿಡಕ್ಟಿಬಲ್, ವಿಮೆ ಮೊತ್ತದ ಶೇ. 5. ಮುಳುಗಿದ ದೋಣಿ ತೆಗೆಯುವ ಖರ್ಚಿಗೂ ಶೇ. 5ರ ಮಿತಿ.

ಎರಡನೆಯ ಕೊಟೇಶನ್: ಪ್ರೀಮಿಯಂ 18,000. ಒಪ್ಪಿಕೊಂಡ ಬೆಲೆ. ಡಿಡಕ್ಟಿಬಲ್ ಶೇ. 1. ದೋಣಿ ತೆಗೆಯುವ ಖರ್ಚು ಥರ್ಡ್ ಪಾರ್ಟಿ ಮೊತ್ತದಿಂದ, ಬೇರೆಯಾಗಿ.

ಒಂದು ದಿನ ದೋಣಿ ಮುಳುಗಿತು. ರಿಪೇರಿ ಆಗುವ ಹಾಗಿಲ್ಲ. ಎತ್ತಿ ದಡಕ್ಕೆ ತಂದು ವಿಲೇವಾರಿ ಮಾಡಲು 1.2 ಲಕ್ಷ ಖರ್ಚು.

ಮೊದಲ ಪಾಲಿಸಿಯಲ್ಲಿ ಸರ್ವೇಯರ್ ಬಂದು ದೋಣಿಯ ಇವತ್ತಿನ ಬೆಲೆ 8 ಲಕ್ಷ ಎಂದು ಬರೆದ ಎಂದಿಟ್ಟುಕೊಳ್ಳಿ. ಅದರಲ್ಲಿ 50,000 ಡಿಡಕ್ಟಿಬಲ್ ಹೋಯಿತು. ಉಳಿದದ್ದು 7.5 ಲಕ್ಷ. ಎತ್ತುವ ಖರ್ಚಿಗೆ ಕಂಪನಿ 50,000 ಕೊಟ್ಟಿತು, ಮಿಕ್ಕ 70,000 ನಿಮ್ಮ ತಲೆಗೆ. ಕೊನೆಗೆ ಕೈಯಲ್ಲಿ ಉಳಿಯುವುದು 6.8 ಲಕ್ಷ.

ಎರಡನೆಯದರಲ್ಲಿ 10 ಲಕ್ಷದಿಂದ 10,000 ಕಳೆದು 9.9 ಲಕ್ಷ. ಎತ್ತುವ ಖರ್ಚು ಕಂಪನಿಯದ್ದು.

ವ್ಯತ್ಯಾಸ 3.1 ಲಕ್ಷ. ವರ್ಷಕ್ಕೆ 6,000ದಂತೆ ಉಳಿಸಿ ಅಷ್ಟು ಸೇರಿಸಲು ಐವತ್ತು ವರ್ಷ ದಾಟಬೇಕು.

ಇದೇ ಲೆಕ್ಕವನ್ನು ಸಣ್ಣ ಅವಘಡಕ್ಕೂ ಹಾಕಿ. ಜೆಟ್ಟಿಗೆ ತಾಗಿ 40,000ದ ರಿಪೇರಿ ಬಂತು. ಮೊದಲ ಪಾಲಿಸಿಯಲ್ಲಿ ಒಂದು ಪೈಸೆ ಬರುವುದಿಲ್ಲ, ಡಿಡಕ್ಟಿಬಲ್ಲೇ 50,000 ಇದೆ. ಎರಡನೆಯದರಲ್ಲಿ 30,000 ಬರುತ್ತದೆ.

ಹಾಗೆಂದು ಡಿಡಕ್ಟಿಬಲ್ ಯಾವಾಗಲೂ ಕಡಿಮೆ ಇರಬೇಕು ಎಂದು ನಾನು ಹೇಳುತ್ತಿಲ್ಲ. ಎರಡನೆಯ ಕಂಪನಿಯವರನ್ನೇ ಕೇಳಿ: ಡಿಡಕ್ಟಿಬಲ್ ಶೇ. 1ರ ಬದಲು ಶೇ. 2 ಮಾಡಿದರೆ ಪ್ರೀಮಿಯಂ ಎಷ್ಟು ಇಳಿಯುತ್ತದೆ? 1,500 ಇಳಿಯಿತು ಎನ್ನಿ. ಕ್ಲೇಮ್ ಬಂದರೆ 10,000 ಜಾಸ್ತಿ ಹೊರಬೇಕು. ಆರೇಳು ವರ್ಷ ಕ್ಲೇಮ್ ಇಲ್ಲದೆ ಕಳೆದರೆ ನಿಮಗೇ ಲಾಭ. ಸಣ್ಣಪುಟ್ಟದಕ್ಕೆಲ್ಲ ಕ್ಲೇಮ್ ಮಾಡಿ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದಕ್ಕಿಂತ ಇದು ಒಳ್ಳೆಯದು. ಪ್ರೀಮಿಯಂ ಇಳಿಸಲು ಡಿಡಕ್ಟಿಬಲ್ ಏರಿಸಿ, ಒಪ್ಪಿಕೊಂಡ ಬೆಲೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಡಿಡಕ್ಟಿಬಲ್ ಕೊಡುವ ನಷ್ಟ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಸರ್ವೇಯರ್ ಕಳೆಯುವ ಸವಕಳಿ ಎಷ್ಟೆಂದು ಆ ದಿನದವರೆಗೂ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. ಒಪ್ಪಿಕೊಂಡ ಬೆಲೆಯ ಪಾಲಿಸಿ ಎಂದರೂ ಆ ಬೆಲೆ ಸಾಮಾನ್ಯವಾಗಿ ದೋಣಿ ಪೂರ್ತಿ ಹೋದಾಗಲೇ ಅನ್ವಯ. ಭಾಗಶಃ ಹಾನಿಯಾದಾಗ ಕೆಲವು ವಸ್ತುಗಳಿಗೆ ಸವಕಳಿ ಕಳೆಯುತ್ತಾರೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ 1985ರ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಸಸ್ ಎಂಬ ಲಂಡನ್ನಿನ ಷರತ್ತುಪಟ್ಟಿಯಲ್ಲಿ ಹಾಯಿ, ಹಾಯಿ ಎಳೆಯುವ ಹಗ್ಗಗಳು, ಮುಚ್ಚುವ ಕವರ್, ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ಇವಕ್ಕೆ ಮೂರನೇ ಒಂದು ಭಾಗದವರೆಗೆ ಕಳೆಯಲು ಕಂಪನಿಗೆ ಅವಕಾಶ ಇದೆ. ಹಾಯಿದೋಣಿಯವರು ಈ ಸಾಲನ್ನು ಹುಡುಕಿ ಓದಬೇಕು.

ಒಂದು ರಬ್ಬರ್ ಪೈಪು, ಒಂದು ಕ್ಲಿಪ್ಪು

ದೋಣಿ ಮುಳುಗಿತು ಎಂದರೆ ಅಲೆ, ಬಿರುಗಾಳಿ, ಬಂಡೆ ಎಂದೇ ನಾವು ಊಹಿಸುತ್ತೇವೆ. ಕಟ್ಟಿದ ಜಾಗದಲ್ಲೇ, ಯಾರೂ ಇಲ್ಲದಾಗ ಮುಳುಗುವ ದೋಣಿಗಳು ಅದಕ್ಕಿಂತ ಜಾಸ್ತಿ. ಕಾರಣ ಬಹಳ ಸಲ ಸಣ್ಣದು. ಎಂಜಿನ್ ತಂಪು ಮಾಡಲು ಹೊರಗಿನ ನೀರು ಬರುವ ರಬ್ಬರ್ ಪೈಪು ವರ್ಷಗಳಿಂದ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅಥವಾ ಅದನ್ನು ಬಿಗಿದ ಉಕ್ಕಿನ ಕ್ಲಿಪ್ಪು ತುಕ್ಕು ಹಿಡಿದು ಕಡಿದಿರುತ್ತದೆ. ಅದರ ವಾಲ್ವು ಮುಚ್ಚದೆ ಬಿಟ್ಟು ಹೋಗಿದ್ದರೆ ನೀರು ಒಳಗೆ ಬರತೊಡಗುತ್ತದೆ. ತಳದ ನೀರು ಹೊರಹಾಕುವ ಪಂಪು ಬ್ಯಾಟರಿ ಇರುವಷ್ಟು ಹೊತ್ತು ಓಡುತ್ತದೆ. ಬ್ಯಾಟರಿ ಮುಗಿಯಿತು, ದೋಣಿಯೂ ಮುಳುಗಿತು.

ಈಗ ಕ್ಲೇಮು ಮಾಡಿದರೆ? ಸವೆತ, ತುಕ್ಕು, ನಿರ್ಲಕ್ಷ್ಯದ ನಿರ್ವಹಣೆಗೆ ಪಾಲಿಸಿಗಳು ಹಣ ಕೊಡುವುದಿಲ್ಲ. ಪೈಪಿನ ದುಡ್ಡು ಸಿಗದು, ಸಿಗಬೇಕಾಗಿಯೂ ಇಲ್ಲ. ಪ್ರಶ್ನೆ ಇರುವುದು ಮುಳುಗಿದ ದೋಣಿಯದ್ದು. ಒಂದು ಬಗೆಯ ಪಾಲಿಸಿ ಹೇಳುತ್ತದೆ: ಸವೆದ ಭಾಗಕ್ಕೆ ಕೊಡುವುದಿಲ್ಲ, ಅದರಿಂದ ಮುಂದೆ ಆದ ಹಾನಿಗೆ ಕೊಡುತ್ತೇವೆ. ಇನ್ನೊಂದು ಬಗೆ: ಸವೆತದಿಂದ ಶುರುವಾದ ಯಾವುದಕ್ಕೂ ಕೊಡುವುದಿಲ್ಲ. ಎರಡು ಸಾಲಿನ ಈ ವ್ಯತ್ಯಾಸದಲ್ಲಿ ಇಡೀ ದೋಣಿ ಹೋಗುತ್ತದೆ. ಅಗ್ಗದ ಪಾಲಿಸಿ ಅಗ್ಗವಾಗಿರಲು ಈ ಸಾಲೂ ಒಂದು ಕಾರಣ. ನನ್ನನ್ನು ಕೇಳಿದರೆ, ಪಾಲಿಸಿ ಕೈಗೆ ಬಂದಾಗ ಮೊದಲು ತೆರೆಯಬೇಕಾದ ಪುಟ ಇದು.

ಕಳುವಿನ ವಿಷಯದಲ್ಲೂ ಇಂಥದ್ದೇ ಒಂದು ಇದೆ. ಔಟ್‌ಬೋರ್ಡ್ ಎಂಜಿನ್ ಕಳುವಾದರೆ, ಮೇಲೆ ಹೇಳಿದ ಯಾಟ್ ಕ್ಲಾಸಸ್‌ನಂತೆ, ಮಾಮೂಲು ಬಿಗಿತದ ಜೊತೆಗೆ ಪ್ರತ್ಯೇಕ ಬೀಗ ಹಾಕಿರಬೇಕು. ಎಂಜಿನ್ ತಾನಾಗಿ ಕಳಚಿ ನೀರಿಗೆ ಬಿದ್ದರೆ ಏನೂ ಸಿಗುವುದಿಲ್ಲ. ಹಾಕಿದ ಬೀಗದ ಬಿಲ್ಲು, ಎಂಜಿನ್ನಿನ ಸೀರಿಯಲ್ ನಂಬರಿನ ಫೋಟೋ ಮೊಬೈಲಿನಲ್ಲಿ ಇರಲಿ.

ಪ್ರೀಮಿಯಂ ಏರಿಸುವುದು, ಇಳಿಸುವುದು ಏನು

ದೋಣಿಯ ವಯಸ್ಸು, ವೇಗ, ಎಂಜಿನ್ನಿನ ಶಕ್ತಿ, ಯಾವುದರಿಂದ ಮಾಡಿದ್ದು, ಇವನ್ನು ನೀವು ಬದಲಿಸಲಾರಿರಿ. ಯಾಟ್ ಕ್ಲಾಸಸ್‌ನಲ್ಲಿ 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ಮೀರಿ ಓಡುವಂತೆ ತಯಾರಾದ ದೋಣಿಗೆ ಬೇರೆಯೇ ಷರತ್ತುಗಳಿವೆ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್ ಎಂಜಿನ್‌ಗೆ ಕೆಲವರು ದರ ಇಳಿಸುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಇತ್ತೀಚೆಗೆ ಲಿಥಿಯಂ ಬ್ಯಾಟರಿ ಹಾಕಿಸಿದ್ದೀರಾ, ಹಾಕಿದವರು ಯಾರು ಎಂದೂ ಕೇಳುತ್ತಾರೆ.

ನಿಮ್ಮ ಕೈಯಲ್ಲಿರುವುದು ದೋಣಿ ಎಲ್ಲಿ, ಯಾವಾಗ ಓಡುತ್ತದೆ ಎನ್ನುವುದು. ಪಾಲಿಸಿಯಲ್ಲಿ ಓಡಾಟದ ಗಡಿ ಬರೆದಿರುತ್ತಾರೆ. ಒಳನಾಡಿನ ನೀರು ಮಾತ್ರ, ದಡದಿಂದ ಇಷ್ಟು ಮೈಲಿ ಒಳಗೆ, ಇಂಥ ಅಕ್ಷಾಂಶದ ಉತ್ತರಕ್ಕೆ ಮಾತ್ರ, ಹೀಗೆ. ಗಡಿ ಹಿಗ್ಗಿದಷ್ಟೂ ದರ ಹಿಗ್ಗುತ್ತದೆ. ವರ್ಷಕ್ಕೊಮ್ಮೆ ಹೋಗುವ ದೂರದ ಪ್ರವಾಸಕ್ಕಾಗಿ ವರ್ಷವಿಡೀ ದೊಡ್ಡ ಗಡಿಗೆ ದುಡ್ಡು ಕಟ್ಟುವುದು ದಂಡ. ಆ ದಿನಗಳಿಗೆ ಮಾತ್ರ ಗಡಿ ವಿಸ್ತರಿಸಿ ಕೊಡುತ್ತೀರಾ ಎಂದು ಕೇಳಿ, ಹಲವರು ಕೊಡುತ್ತಾರೆ.

ಅದೇ ರೀತಿ, ವರ್ಷದಲ್ಲಿ ಕೆಲವು ತಿಂಗಳು ದೋಣಿಯನ್ನು ದಡಕ್ಕೆ ಎಳೆದು ಇಡುತ್ತೀರಿ ಎಂದರೆ ಆ ತಿಂಗಳುಗಳಿಗೆ ದರ ಇಳಿಯುತ್ತದೆ. ಒಂದು ಭಾನುವಾರ ಬಿಸಿಲು ಚೆನ್ನಾಗಿದೆ ಎಂದು ಸುಮ್ನೆ ಒಂದು ಸುತ್ತು ಹೊರಟಿರೋ, ಅವತ್ತು ನಿಮಗೆ ವಿಮೆ ಇಲ್ಲ. ಮನಸ್ಸು ತಡೆಯದು ಎನಿಸಿದರೆ ಈ ರಿಯಾಯಿತಿ ತೆಗೆದುಕೊಳ್ಳಬೇಡಿ.

ಚಂಡಮಾರುತದ ಪ್ರದೇಶದಲ್ಲಿ ಇನ್ನೊಂದು ಅಂಕಿ ಇದೆ. ಹೆಸರಿಟ್ಟ ಬಿರುಗಾಳಿಯಿಂದ ಆದ ಹಾನಿಗೆ ಪ್ರತ್ಯೇಕ, ದೊಡ್ಡ ಡಿಡಕ್ಟಿಬಲ್. ಶೇ. 5, ಶೇ. 10 ಎಂದೆಲ್ಲ ಇರುತ್ತದೆ. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲದಲ್ಲಿ ದೋಣಿ ಎಲ್ಲಿರುತ್ತದೆ, ಗಾಳಿ ಬಂದರೆ ಏನು ಮಾಡುತ್ತೀರಿ ಎಂದು ಬರೆದು ಕೊಡಲು ಹೇಳುತ್ತಾರೆ. ಬರೆದು ಕೊಟ್ಟ ಮೇಲೆ ಅದರಂತೆ ನಡೆಯಬೇಕು. ಕೊಟೇಶನ್ನಿನ ಮೊದಲ ಪುಟದಲ್ಲಿ ಮಾಮೂಲು ಡಿಡಕ್ಟಿಬಲ್ ಮಾತ್ರ ದಪ್ಪಕ್ಷರದಲ್ಲಿ ಇರಬಹುದು. ಬಿರುಗಾಳಿಯದ್ದು ಒಳಗೆಲ್ಲೋ ಇರುತ್ತದೆ.

ದೋಣಿ ನಡೆಸುವ ತರಬೇತಿಯ ಸರ್ಟಿಫಿಕೇಟು, ಎಂಜಿನ್ ಕೋಣೆಯಲ್ಲಿ ತಾನಾಗಿ ಕೆಲಸ ಮಾಡುವ ಬೆಂಕಿ ಆರಿಸುವ ಸಾಧನ, ಟ್ರ್ಯಾಕರ್, ತಳದಲ್ಲಿ ನೀರು ಏರಿದರೆ ಮೊಬೈಲಿಗೆ ಸುದ್ದಿ ಕೊಡುವ ಅಲಾರಂ, ಇವಕ್ಕೆ ರಿಯಾಯಿತಿ ಇದೆಯೇ ಕೇಳಿ. ಕೊಡದಿದ್ದರೂ ಕೊನೆಯದನ್ನು ಹಾಕಿಸಿ.

ಬೇರೆಯವರಿಗೆ ಆಗುವ ಹಾನಿ

ಇದರಲ್ಲಿ ಜಿಪುಣತನ ಬೇಡ. ದೋಣಿ ಪೂರ್ತಿ ಹೋದರೂ ಅದರ ಬೆಲೆಯಷ್ಟೇ ಹೋಗುವುದು. ಈಜುತ್ತಿದ್ದವನಿಗೆ ಪ್ರೊಪೆಲ್ಲರ್ ತಾಗಿದರೆ ಬರುವ ಪರಿಹಾರದ ಮೊತ್ತಕ್ಕೂ ದೋಣಿಯ ಬೆಲೆಗೂ ಸಂಬಂಧವೇ ಇಲ್ಲ. ಥರ್ಡ್ ಪಾರ್ಟಿ ಮೊತ್ತವನ್ನು ಇಮ್ಮಡಿ ಮಾಡಿದರೂ ಪ್ರೀಮಿಯಂ ಇಮ್ಮಡಿ ಆಗುವುದಿಲ್ಲ, ಸಾಮಾನ್ಯವಾಗಿ ಅಲ್ಪ ಏರುತ್ತದೆ ಅಷ್ಟೆ.

ಜೊತೆಗೆ ಮೂರು ಸಂಗತಿ ನೋಡಿ. ಇಂಧನ ಚೆಲ್ಲಿ ನೀರು ಕೆಟ್ಟರೆ ಅದರ ಖರ್ಚು ಸೇರಿದೆಯೇ? ದೋಣಿಯ ಹಿಂದೆ ಹಗ್ಗ ಹಿಡಿದು ಸ್ಕೀ ಮಾಡುವವರಿಗೆ ರಕ್ಷಣೆ ಇದೆಯೇ? ಯಾಟ್ ಕ್ಲಾಸಸ್‌ನಲ್ಲಿ ಅದು ಹೊರಗೇ ಉಳಿದಿದೆ, ಕೇಳಿ ಸೇರಿಸಬೇಕು. ನೀವಿಲ್ಲದಾಗ ಗೆಳೆಯ ದೋಣಿ ನಡೆಸಿದರೆ ನಡೆಯುತ್ತದೆಯೇ? ಇನ್ನು ಬಾಡಿಗೆಗೆ ಕೊಡುವುದಂತೂ ಬೇರೆಯೇ ಪಾಲಿಸಿಯ ಮಾತು. ಖಾಸಗಿ ಬಳಕೆ ಎಂದು ಬರೆಸಿ, ವಾರಾಂತ್ಯಕ್ಕೆ ಯಾವುದೋ ಆ್ಯಪ್‌ನಲ್ಲಿ ಬಾಡಿಗೆ ಬಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ. ರೇಸಿಗೆ ಇಳಿಯುವ ಹಾಯಿದೋಣಿಯವರೂ ಕೇಳಲೇಬೇಕು, ಹಾಯಿ ಮತ್ತು ಕಂಬಗಳು ರೇಸಿನ ಹೊತ್ತಿಗೆ ಹೊರಗುಳಿದಿರುತ್ತವೆ.

ಎಳೆದು ತರುವುದು ಮತ್ತು ಅಪಾಯದಿಂದ ಪಾರುಮಾಡುವುದು ಒಂದೇ ಎಂದು ತಿಳಿಯಬೇಡಿ. ಎಂಜಿನ್ ಕೆಟ್ಟು ನಿಂತ ದೋಣಿಯನ್ನು ಎಳೆದು ತಂದರೆ ಗಂಟೆಯ ಲೆಕ್ಕದ ಬಿಲ್ಲು. ಬಂಡೆಗೆ ಬೀಳುತ್ತಿದ್ದ ದೋಣಿಯನ್ನು ಉಳಿಸಿದರೆ ಅದು ಸಾಲ್ವೇಜ್. ಉಳಿಸಿದ ಆಸ್ತಿಯ ಬೆಲೆ, ಆಗಿದ್ದ ಅಪಾಯ ನೋಡಿ ಮೊತ್ತ ನಿರ್ಧಾರ ಆಗುತ್ತದೆ. ಹಗ್ಗ ಹಿಡಿಯುವ ಮೊದಲು, ಪರಿಸ್ಥಿತಿ ಬಿಟ್ಟರೆ, ಯಾವ ಲೆಕ್ಕ ಎಂದು ಕೇಳಿಬಿಡಿ. ಸಾಲ್ವೇಜ್ ಖರ್ಚಿಗೆ ದೋಣಿಯ ಪೂರ್ತಿ ಬೆಲೆಯವರೆಗೆ ರಕ್ಷಣೆ ಇರುವ ಪಾಲಿಸಿ ಒಳ್ಳೆಯದು. ಎಳೆದು ತರುವ ಸೇವೆಯನ್ನು ಬೇಕಾದರೆ ಸಣ್ಣ ಮೊತ್ತಕ್ಕೆ ಬೇರೆಯಾಗಿ ಸೇರಿಸಿಕೊಳ್ಳಬಹುದು.

ಅರ್ಜಿ ತುಂಬುವಾಗ

ಕಡಲ ವಿಮೆಯಲ್ಲಿ ಮುಚ್ಚುಮರೆ ನಡೆಯುವುದಿಲ್ಲ. 1906ರ ಬ್ರಿಟಿಷ್ ಕಡಲ ವಿಮೆ ಕಾಯಿದೆ ಇದನ್ನು ಬರೆದೇ ಇಟ್ಟಿತು, ಭಾರತದ 1963ರ ಕಾಯಿದೆಯೂ ಅದನ್ನೇ ಹಿಡಿದಿದೆ: ಇಬ್ಬರೂ ಪೂರ್ತಿ ಪ್ರಾಮಾಣಿಕವಾಗಿರಬೇಕು. ಬ್ರಿಟನ್ ಆಮೇಲೆ ಗ್ರಾಹಕರ ಪಾಲಿಗೆ ನಿಯಮವನ್ನು ಸಡಿಲ ಮಾಡಿತು. ಆದರೂ ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿ ಎಲ್ಲೂ ಬಚಾವಾಗಲು ಆಗದು. ಹಳೆಯ ಕ್ಲೇಮು, ಬದಲಿಸಿದ ಎಂಜಿನ್, ದೋಣಿಯಲ್ಲೇ ವಾಸ ಮಾಡುವುದು, ಎಲ್ಲವನ್ನೂ ಬರೆಯಿರಿ. ಇವುಗಳಿಂದ ಪ್ರೀಮಿಯಂ ಸ್ವಲ್ಪ ಏರಬಹುದು. ಮುಚ್ಚಿಟ್ಟರೆ ಕಟ್ಟಿದ ಪ್ರೀಮಿಯಂ ಎಲ್ಲವೂ ನೀರಿಗೆ ಹೋದಂತೆ.

ಹಳೆಯ ದೋಣಿಗೆ ಸರ್ವೆ ವರದಿ ಕೇಳುತ್ತಾರೆ. ದೋಣಿಯನ್ನು ನೀರಿನಿಂದ ಎತ್ತಿಸಿ ಮಾಡಿಸಬೇಕು, ಎತ್ತುವ ಖರ್ಚೂ ಸರ್ವೇಯರ್ ಶುಲ್ಕವೂ ನಿಮ್ಮದೇ. ಇದನ್ನು ಮೊದಲ ವರ್ಷದ ಪ್ರೀಮಿಯಂಗೆ ಸೇರಿಸಿಯೇ ಕೊಟೇಶನ್ ಹೋಲಿಸಿ. ಒಂದು ಕಂಪನಿ ಹೊಸ ಸರ್ವೆ ಕೇಳಿ, ಇನ್ನೊಂದು ಇರುವ ವರದಿಯನ್ನೇ ಒಪ್ಪಿದರೆ ಲೆಕ್ಕವೇ ತಿರುಗಿಬಿಡುತ್ತದೆ. ವರದಿಯಲ್ಲಿ ರಿಪೇರಿ ಸೂಚಿಸಿದ್ದರೆ ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ಸೂಚಿಸಿಯೂ ಮಾಡಿಸದ ರಿಪೇರಿ ಕ್ಲೇಮಿನ ದಿನ ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತದೆ.

ಕಂಪನಿಗಳಿಗೆ ಬರೆಯುವಾಗ ಎಲ್ಲರಿಗೂ ಒಂದೇ ಪತ್ರ ಕಳಿಸಿ. ಒಂದೇ ವಿಮೆ ಮೊತ್ತ, ಒಂದೇ ಡಿಡಕ್ಟಿಬಲ್, ಒಂದೇ ಥರ್ಡ್ ಪಾರ್ಟಿ ಮೊತ್ತ, ಒಂದೇ ಗಡಿ. ಆಗ ಮಾತ್ರ ದರದ ಹೋಲಿಕೆಗೆ ಅರ್ಥ. ಕೊಟೇಶನ್ ಜೊತೆಗೆ ಪಾಲಿಸಿಯ ಪೂರ್ತಿ ಷರತ್ತುಗಳನ್ನೂ ಕಳಿಸಲು ಹೇಳಿ. ಎರಡು ಪುಟದ ಬಣ್ಣದ ಕರಪತ್ರ ಸಾಲದು. ದೋಣಿ ವಿಮೆಯನ್ನೇ ಮುಖ್ಯವಾಗಿ ಮಾಡುವ ಕಂಪನಿ ಅಥವಾ ಬ್ರೋಕರ್ ಒಬ್ಬರಾದರೂ ಪಟ್ಟಿಯಲ್ಲಿರಲಿ. ಕ್ಲೇಮಿಗೆ ಬರುವ ಸರ್ವೇಯರಿಗೆ ದೋಣಿ ಗೊತ್ತಿರುವುದಕ್ಕೂ ಕಾರು ಮಾತ್ರ ಗೊತ್ತಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ಫೋನಿನಲ್ಲಿ ಏಜೆಂಟ್ "ಅದೆಲ್ಲ ಸೇರಿದೆ ಬಿಡಿ ಸರ್" ಎಂದರೆ, ಯಾವ ಷರತ್ತಿನಲ್ಲಿ ಎಂದು ಇಮೇಲಿನಲ್ಲಿ ಬರೆದು ಕಳಿಸಲು ಹೇಳಿ.

ನವೀಕರಣದ ಕೊನೆಯ ವಾರಕ್ಕೆ ಇದನ್ನೆಲ್ಲ ಬಿಡಬೇಡಿ, ಸರ್ವೆಗೇ ಸಮಯ ಬೇಕು. ಹಳೆಯ ದೋಣಿ ಎಂದು ಕೆಲವರು ತೆಗೆದುಕೊಳ್ಳದೆಯೂ ಇರಬಹುದು. ಒಪ್ಪಿಕೊಂಡ ಬೆಲೆಯ ಪಾಲಿಸಿ ಇದ್ದರೆ ಪ್ರತಿ ನವೀಕರಣದಲ್ಲೂ ಆ ಅಂಕಿ ಹಾಗೇ ಇದೆಯೇ, ಕಂಪನಿ ಸದ್ದಿಲ್ಲದೆ ಇಳಿಸಿದೆಯೇ ನೋಡಿ. ಕಂಪನಿ ಬದಲಿಸುವುದಾದರೆ ಹೊಸದರ ಪಾಲಿಸಿ ಇಂಥ ದಿನದಿಂದ ಜಾರಿ ಎಂದು ಬರಹದಲ್ಲಿ ಬರುವ ತನಕ ಹಳೆಯದನ್ನು ರದ್ದು ಮಾಡಬೇಡಿ.